ಯಾವೂರು, ಯಾರ ಪೈಕಿ?

ಶಿರಾದಿಂದ ಮದಲೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಹೊಸ ಮುಖ ಕಂಡರೆ, ಪಕ್ಕದಲ್ಲಿ ಕೂತ ಹಿರಿಯರು ಕಂಡಕ್ಟರ್ ಬರುವುದರೊಳಗೆ ಕೇಳಿಬಿಡುತ್ತಾರೆ: "ಯಾವೂರಪ್ಪ ನಿಂದು? ಯಾರ ಪೈಕಿ?" ಮಧುಗಿರಿ, ಕೊರಟಗೆರೆ ಸೀಮೆಯಲ್ಲೂ ಇದೇ ಪ್ರಶ್ನೆ. ಪಾವಗಡದ ಗಡಿಹಳ್ಳಿಗಳಲ್ಲಿ ತೆಲುಗಿನಲ್ಲಿ ಬಂದೀತು, ಅಷ್ಟೇ. ಊರ ಹೆಸರೊಂದನ್ನು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಪ್ಪನ ಹೆಸರು, ಅದು ಗೊತ್ತಾಗದಿದ್ದರೆ ಅಜ್ಜನ ಹೆಸರು, ಅದೂ ಆಗದಿದ್ದರೆ ಮನೆ ಯಾವ ಗುಡಿಯ ಹಿಂದೆ, ಯಾವ ಬಾವಿಯ ಪಕ್ಕ ಎಂಬುದೆಲ್ಲ ಬರಬೇಕು. ಕೊನೆಗೊಮ್ಮೆ ಎಳೆ ಸಿಕ್ಕಿತೆನ್ನಿ, ಕೇಳಿದವರ ಮುಖ ಅರಳುತ್ತದೆ. "ಓ, ಅವ್ರ ಮೊಮ್ಮಗನೇನೋ ನೀನು! ನಿಮ್ ತಾತ ಹೆಂಗಿದ್ದ ಗೊತ್ತಾ?" ಅಲ್ಲಿಂದ ಮುಂದೆ ಆ ಹುಡುಗ ಇಳಿಯುವ ತನಕ ಸ್ವಲ್ಪ ನೆಟ್ಟಗೆ ಕೂತಿರುತ್ತಾನೆ.

ಈ ಪ್ರಶ್ನೆಯನ್ನು ಮುದ್ದು ಮಾಡುವ ಇರಾದೆ ನನಗಿಲ್ಲ. "ಯಾರ ಪೈಕಿ" ಎಂಬುದರ ಹೊಟ್ಟೆಯೊಳಗೆ ಜಾತಿಯ ವಿಚಾರಣೆ ಕೂತಿದೆ ಎಂದು ತಿಳಿಯದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಇಲ್ಲ. ಉತ್ತರ ಕೇಳಿ ಮುಖ ಅರಳುವುದೂ ಉಂಟು, ಸೀಟಿನಲ್ಲಿ ಎರಡು ಅಂಗುಲ ಆಚೆ ಸರಿದು ಕೂರುವುದೂ ಉಂಟು. ಆದರೂ ಆ ಹುಡುಗ ನೆಟ್ಟಗೆ ಕೂತದ್ದು ನಿಜವಷ್ಟೆ? ಅದು ಯಾಕೆ ಎಂಬುದೇ ನನ್ನ ಪ್ರಶ್ನೆ. ಗುರುತು ಸಿಕ್ಕ ಮೇಲೆ ಅವನು ಬೀಡಿ ಹಚ್ಚುವುದಿಲ್ಲ, ಕಿಟಕಿಯಿಂದ ಉಗುಳುವುದಿಲ್ಲ, ಕೂಸು ಎತ್ತಿಕೊಂಡ ಹೆಂಗಸು ಹತ್ತಿದರೆ ಎದ್ದು ಜಾಗ ಬಿಡುತ್ತಾನೆ. ಐದು ನಿಮಿಷದ ಹಿಂದೆಯೂ ಅವನು ಅವನೇ ಆಗಿದ್ದ. ಆದರೆ ಆಗ ಅವನು ಬರೀ ಒಬ್ಬ ಪ್ರಯಾಣಿಕ. ಈಗ ಅವನ ಬೆನ್ನ ಹಿಂದೆ ಒಂದು ಮನೆ ಇದೆ, ಆ ಮನೆಯ ಹೆಸರನ್ನು ಅವನು ಬಸ್ಸಿನ ತುಂಬ ಹೊತ್ತು ತಿರುಗಬೇಕಾಗಿದೆ.

ಇದರ ತಲೆಕೆಳಗಾದ ರೂಪವನ್ನೂ ನಾವು ದಿನವೂ ನೋಡುತ್ತೇವೆ. ಹೆದ್ದಾರಿಯ ಟೋಲ್‌ನಲ್ಲಿ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಬ್ಬ ಗಂಟಲೆತ್ತುತ್ತಾನೆ: "ನಾನ್ಯಾರು ಗೊತ್ತೇನ್ರೀ?" ಅವನಿಗೂ ತಾನು ಯಾರೆಂಬ ನೆನಪು ಗಟ್ಟಿಯಾಗಿಯೇ ಇದೆ. ಯಾರ ಮಗ, ಯಾರ ಅಳಿಯ, ಯಾವ ಪಕ್ಷದ ಯಾವ ಹುದ್ದೆ, ಯಾರ ಮೊಬೈಲ್ ನಂಬರ್ ತನ್ನಲ್ಲಿದೆ, ಒಂದನ್ನೂ ಮರೆತಿಲ್ಲ. ಹಾಗಾದರೆ ತನ್ನನ್ನು ತಾನು ನೆನಪಿಟ್ಟುಕೊಂಡವನು ಮೇಲಾಗುತ್ತಾನೆ ಎಂಬ ಬುದ್ಧಿಮಾತಿಗೆ ಏನರ್ಥ? ಬಸ್ಸಿನ ಹುಡುಗನನ್ನು ನೆಟ್ಟಗೆ ಕೂರಿಸಿದ ನೆನಪು ಟೋಲಿನ ದೊಡ್ಡಮನುಷ್ಯನನ್ನು ಒರಟನನ್ನಾಗಿ ಮಾಡಿದ್ದು ಹೇಗೆ?

ನನಗೆ ಉತ್ತರ ಸಿಕ್ಕಿದ್ದು ಕೆರೆಯ ಕಡೆಯಿಂದ. ಮದಲೂರೆಂದರೆ ಕೆರೆ; ಹೊರಗಿನವರಿಗೆ ಈ ಹೆಸರು ಪರಿಚಯವಾದದ್ದೇ ಕೆರೆಯಿಂದ. ಆ ಕೆರೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು, ಈ ಸೀಮೆಯ ಯಾವ ಕೆರೆಯ ಏರಿಯ ಮೇಲೆ ನಿಂತರೂ ನೆನಪಾಗಬೇಕಾದ, ಆದರೆ ಯಾರೂ ನೆನೆಯದ ಒಬ್ಬನ ಬಗ್ಗೆ ಹೇಳಬೇಕು. ನೀರುಗಂಟಿ.

ಹಳೆಯ ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಇವರೆಲ್ಲರ ಸಾಲಿನಲ್ಲಿ ಅವನ ಹೆಸರು ಬರುತ್ತದೆ. ಕೆರೆಯ ತೂಬು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ನೀರು ಹರಿಯುವ ದಾರಿ ಕಾಯುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನಡೆಸುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಾದರೂ ನೀರು ಜಿನುಗುತ್ತಿದೆಯೇ ನೋಡುವುದು, ಕೋಡಿ ಬೀಳುವ ಹೊತ್ತಿಗೆ ಊರನ್ನು ಎಬ್ಬಿಸುವುದು ಅವನ ಕೆಲಸ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದು ಕೊಡುವ ಆಯ. ಕೆಲವೆಡೆ ಒಂದು ತುಂಡು ಇನಾಮು ಜಮೀನು.

ನೀರಾವರಿ ಇಲಾಖೆಯ ಇಂಜಿನಿಯರಿಗೆ ಅಳತೆಪಟ್ಟಿ ಇದೆ, ನಕ್ಷೆ ಇದೆ, ಮೇಲಧಿಕಾರಿ ಇದ್ದಾರೆ. ನೀರುಗಂಟಿಗೆ ಇದ್ದದ್ದು ಒಂದು ಗುದ್ದಲಿ ಮತ್ತು ಊರಿನ ನಂಬಿಕೆ. ನೀರು ಹರಿಸುವುದು ರಾತ್ರಿಯೂ ಉಂಟು. ಕಾಲುವೆಯ ಬುಡದಲ್ಲಿರುವ ಗದ್ದೆಯವರು ಸಾಮಾನ್ಯವಾಗಿ ಅನುಕೂಲಸ್ಥರು, ಕೊನೆಯಲ್ಲಿರುವವರು ಬಡವರು. ಕತ್ತಲಲ್ಲಿ ಮೇಲಿನ ಗದ್ದೆಯ ಮಡೆಯನ್ನು ಅರ್ಧ ಗಳಿಗೆ ಹೆಚ್ಚು ಹೊತ್ತು ತೆರೆದಿಟ್ಟರೆ ಯಾರು ಕಂಡರು? ಮಾರನೆ ದಿನ ಒಂದು ಚೀಲ ರಾಗಿ ಮನೆಗೆ ಬಂದೀತು. ಕೊನೆಯ ಗದ್ದೆಯ ರೈತ ಬೆಳಿಗ್ಗೆ ಬಂದು ನೋಡಿ, ಈ ಸಲ ಕೆರೆಯಲ್ಲಿ ನೀರೇ ಕಡಿಮೆ ಅಂದುಕೊಂಡು ಹೋಗುತ್ತಾನೆ. ಹೀಗೆ ಮಾಡಿದ ನೀರುಗಂಟಿಗಳು ಇರಲೇ ಇಲ್ಲ ಎಂದು ನಾನು ಹೇಳಲಾರೆ, ಮನುಷ್ಯರು ಮನುಷ್ಯರೇ. ಆದರೆ ಆ ಏರ್ಪಾಡು ಶತಮಾನಗಳ ಕಾಲ ನಡೆಯಿತು ಎನ್ನುವುದೇ ಒಂದು ಸಾಕ್ಷಿ. ಅದು ನಡೆದದ್ದು ಬಹುಪಾಲು ನೀರುಗಂಟಿಗಳು ಕತ್ತಲಲ್ಲೂ ಮಡೆಯನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದ್ದರಿಂದ.

ಇನ್ನು ಇದರೊಳಗಿನ ಕಹಿ. ನಮ್ಮ ಕಡೆಯ ಬಹಳ ಊರುಗಳಲ್ಲಿ ನೀರುಗಂಟಿಯ ಮನೆ ಇದ್ದದ್ದು ದಲಿತರ ಕೇರಿಯಲ್ಲಿ. ಊರಿನ ಅಷ್ಟೂ ಗದ್ದೆಗೆ ನೀರು ಹಂಚುವವನು ಊರ ಬಾವಿಯಿಂದ ಒಂದು ಕೊಡ ನೀರು ಸೇದುವ ಹಾಗಿರಲಿಲ್ಲ. ಬಾವಿಯ ಹತ್ತಿರ ಊರು ಅವನಿಗೆ "ನೀನ್ಯಾರು ಅನ್ನೋದು ನೆನಪಿರಲಿ" ಎಂದು ಹೇಳುತ್ತಿತ್ತು, ಬಾಯಿಬಿಟ್ಟೋ ಬಿಡದೆಯೋ. ತೂಬಿನ ಹತ್ತಿರ ಅದೇ ಮಾತನ್ನು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎರಡೂ ಕಡೆ ನೆನಪಿಸಿದ್ದು ಅವನ ಗುರುತನ್ನೇ. ಬಾವಿಯ ಬಳಿ ಆ ಗುರುತು ಅವನಿಗೆ ಏನು ಸಲ್ಲದು ಎಂಬುದರ ಪಟ್ಟಿ. ತೂಬಿನ ಬಳಿ ಅದು ಅವನು ಯಾರಿಗೆ ಏನು ಸಲ್ಲಿಸಬೇಕು ಎಂಬುದರ ಲೆಕ್ಕ. ತನ್ನನ್ನು ಕೀಳಾಗಿ ಕಂಡ ಊರಿಗೆ ಅವನು ನೀರನ್ನು ಸಮನಾಗಿ ಹಂಚಿದ. ಇದಕ್ಕಿಂತ ದೊಡ್ಡ ಮೇಲ್ಪಂಕ್ತಿ ಈ ನೆಲದಲ್ಲಿ ನನಗೆ ಗೊತ್ತಿಲ್ಲ. ಅದನ್ನು ಮೇಲ್ಪಂಕ್ತಿ ಎಂದು ಆ ಊರುಗಳು ಒಂದು ದಿನವೂ ಕರೆಯಲಿಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು.

ಬಸ್ಸಿನ ಹುಡುಗನಿಗೂ ಟೋಲಿನ ದೊಡ್ಡಮನುಷ್ಯನಿಗೂ ಇರುವ ಅಂತರ ಇಲ್ಲಿಂದ ನೋಡಿದರೆ ಕಾಣುತ್ತದೆ. ಹುಡುಗನಿಗೆ ನೆನಪಾದದ್ದು ತಾನು ಉಳಿಸಬೇಕಾದ ಹೆಸರು, ಅಂದರೆ ಒಂದು ಬಾಕಿ. ದೊಡ್ಡಮನುಷ್ಯನಿಗೆ ನೆನಪಾದದ್ದು ತನಗೆ ಬರಬೇಕಾದ ಮರ್ಯಾದೆ, ಅಂದರೆ ಒಂದು ವಸೂಲಿ. ನಾನು ಯಾರು ಎಂದು ಕೇಳಿಕೊಳ್ಳುವಾಗ ಮನಸ್ಸು ಯಾವ ಪುಟ ತೆರೆಯುತ್ತದೆ, ಕೊಡುವುದರದ್ದೋ ಬರುವುದರದ್ದೋ, ಅದರ ಮೇಲೆ ಮುಂದಿನ ನಡತೆಯೆಲ್ಲ ನಿಂತಿದೆ. ನೆನಪು ಎಂಬುದು ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. 1963ರಲ್ಲಿ ಅದು ಜಾರಿಗೆ ಬಂದು, ಪಟೇಲ, ಶಾನುಭೋಗರಿಂದ ಹಿಡಿದು ತಳವಾರ, ತೋಟಿ, ನೀರುಗಂಟಿಗಳವರೆಗೆ ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಹೋಗಬೇಕಾದದ್ದೇ. ಹುಟ್ಟಿದ ಮನೆಯೇ ಕೆಲಸವನ್ನು ನಿಶ್ಚಯಿಸುವ ಪದ್ಧತಿಗೆ ಕಣ್ಣೀರು ಸುರಿಸುವ ಅಗತ್ಯ ಇಲ್ಲ. ಹಾಗೆ ಸುರಿಸುವವರು ಸಾಮಾನ್ಯವಾಗಿ ಪಟೇಲರ ಮನೆಯ ಕಡೆಯವರು, ತೋಟಿಯ ಮನೆಯ ಕಡೆಯವರಲ್ಲ. ಆದರೆ ಹುದ್ದೆಯನ್ನು ತೆಗೆದಾಗ ಅದರೊಳಗಿದ್ದ ಹೊಣೆಯನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಊರುಗಳು ಕೂತು ಮಾತಾಡಲಿಲ್ಲ. ಸರ್ಕಾರ ನೋಡಿಕೊಳ್ಳುತ್ತದೆ ಎಂದವು. ಬೋರ್‌ವೆಲ್ ಬಂದ ಮೇಲೆ ಅದೂ ಬೇಕಾಗಲಿಲ್ಲ. ನನ್ನ ಮೋಟಾರು, ನನ್ನ ನೀರು. ಕೆರೆ ಯಾರದ್ದೂ ಅಲ್ಲದ್ದಾಯಿತು. ಹೂಳು ತುಂಬಿತು, ಅಂಗಳದಲ್ಲಿ ಬಳ್ಳಾರಿ ಜಾಲಿ ಎದ್ದಿತು, ಕೆರೆಗೆ ನೀರು ತರುವ ಹಳ್ಳ-ಕಾಲುವೆಗಳು ಅಕ್ಕಪಕ್ಕದ ಹೊಲಗಳೊಳಗೆ ಕರಗಿಹೋದವು.

ಕರಗಿಹೋದವು ಎಂದು ಬರೆದರೆ ಅವು ತಾವಾಗಿಯೇ ಹೋದ ಹಾಗೆ ಕೇಳಿಸುತ್ತದೆ. ಅವನ್ನು ತಿಂದದ್ದು ನಾವು. ಬದು ಒತ್ತುವುದು ಎನ್ನುತ್ತೇವಲ್ಲ, ಅದೇ ಕೆಲಸ. ಪ್ರತಿ ಉಳುಮೆಯಲ್ಲಿ ಪಕ್ಕದ ಬದುವಿಗೆ ನೇಗಿಲ ಒಂದು ಸಾಲು ಹೆಚ್ಚು ಹಾಕುವುದು. ಒಂದು ವರ್ಷಕ್ಕೆ ಗೊತ್ತಾಗುವುದಿಲ್ಲ, ಇಪ್ಪತ್ತು ವರ್ಷಕ್ಕೆ ಕಾಲುವೆ ಮಾಯ. ನೇಗಿಲ ಹಿಂದೆ ಕಡ್ಲೇಕಾಯಿ ಬೀಜ ಬಿಡುತ್ತ ನಡೆಯುವ ಮಗಳು ಇದನ್ನು ನೋಡುತ್ತಿರುತ್ತಾಳೆ. ಅಪ್ಪ ಬಾಯಲ್ಲಿ ಏನು ಹೇಳಿದ ಎಂಬುದು ಅವಳಿಗೆ ಮರೆತೇ ಹೋಗಬಹುದು, ಅಪ್ಪ ಸಾಲು ತಿರುಗಿಸಿದ ಜಾಗ ಮರೆಯುವುದಿಲ್ಲ. ಸಂಜೆ ಅದೇ ಅಪ್ಪ ಶಾಲೆಯ ಪುಸ್ತಕ ತೆಗೆಸಿ ಸತ್ಯ ಹೇಳಬೇಕು ಅಂದರೆ ಅವಳು ತಲೆಯಾಡಿಸುತ್ತಾಳೆ. ಮಕ್ಕಳು ಬಹಳ ಸೌಜನ್ಯವಂತರು.

ಈಗ ಮದಲೂರು ಕೆರೆ. 2020ರ ಆಗಸ್ಟ್‌ನಲ್ಲಿ ಶಿರಾ ಶಾಸಕರಾಗಿದ್ದ ಬಿ. ಸತ್ಯನಾರಾಯಣ ತೀರಿಕೊಂಡರು. ನವೆಂಬರ್ 3ರಂದು ಉಪಚುನಾವಣೆ. ಆ ಚುನಾವಣೆಯ ಬಹುದೊಡ್ಡ ವಿಷಯ ಈ ಒಂದು ಕೆರೆ. ಗೊರೂರಿನ ಅಣೆಕಟ್ಟೆಯಿಂದ ಬಾಗೂರು-ನವಿಲೆ ಸುರಂಗ ದಾಟಿ ತುಮಕೂರು ಜಿಲ್ಲೆಗೆ ಬರುವ ಹೇಮಾವತಿ ನೀರು ಕಳ್ಳಂಬೆಳ್ಳ ಕೆರೆಗೆ, ಶಿರಾ ಕೆರೆಗೆ ಬಂದರೂ ಮದಲೂರಿನವರೆಗೆ ಬರಲಿಲ್ಲ ಎಂಬ ಸಂಕಟ ಹಳೆಯದು. ಕಾಲುವೆ ತೋಡಿಸಿದ ಹೆಗ್ಗಳಿಕೆ ಒಬ್ಬರದ್ದು, ನೀರು ಬಿಡಿಸುವ ವಾಗ್ದಾನ ಇನ್ನೊಬ್ಬರದ್ದು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಚಾರಕ್ಕೆ ಬಂದು ಆರು ತಿಂಗಳಲ್ಲಿ ಕೆರೆ ತುಂಬಿಸುವ ಮಾತು ಕೊಟ್ಟರು. ಅವರ ಪಕ್ಷ ಶಿರಾದಲ್ಲಿ ಮೊದಲ ಬಾರಿಗೆ ಗೆದ್ದಿತು. ಚುನಾವಣೆಯ ನಂತರ ಕಾಲುವೆಯಲ್ಲಿ ನೀರೂ ಹರಿಯಿತು. ಮರುವರ್ಷವೇ, ಹಂಚಿಕೆಯ ಪಟ್ಟಿಯಲ್ಲಿ ಮದಲೂರು ಕೆರೆಗೆ ನೀರೇ ಇಲ್ಲವಲ್ಲ ಎಂಬ ತಗಾದೆ ಎದ್ದಿತು.

ರಾಜಕಾರಣಿಗಳನ್ನು ಬೈಯುವುದು ಸುಲಭ, ಇಲ್ಲಿ ಅದು ನನ್ನ ಉದ್ದೇಶವೂ ಅಲ್ಲ. ಕೊಟ್ಟ ಮಾತಿಗೆ ನೀರು ಹರಿದಿದ್ದನ್ನು ಒಪ್ಪಿಕೊಳ್ಳಬೇಕು. ನನ್ನನ್ನು ಕಾಡುವುದು ಬೇರೆ. ಎಲ್ಲೋ ದೂರದ ನೀರಿಗೆ ನಾವು ಹಕ್ಕು ಸಾಧಿಸುವಾಗ "ನಾವು ಬರದ ನಾಡಿನವರು, ಮದಲೂರು ಸೀಮೆಯವರು" ಎಂಬ ಗುರುತು ಎಷ್ಟು ಗಟ್ಟಿಯಾಗಿ ಬಾಯಿಗೆ ಬರುತ್ತದೆ! ಆ ಹಕ್ಕು ನ್ಯಾಯವಾದದ್ದೇ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳ ಬಿರುಕು ಬಿಟ್ಟದ್ದನ್ನು ನೋಡಿದವರು ಆ ಕೂಗನ್ನು ಹಗುರವಾಗಿ ಕಾಣಲಾರರು. ಆದರೆ ಅದೇ ಗುರುತು ನಮ್ಮ ಹೊಲದ ಪಕ್ಕದ ಹಳ್ಳದ ಹತ್ತಿರ ಯಾಕೆ ನಾಲಗೆ ಕಚ್ಚಿಕೊಳ್ಳುತ್ತದೆ? ಹೇಮಾವತಿಯ ಮುಂದೆ ನಾವೆಲ್ಲ ಮದಲೂರಿನವರು, ಹಳ್ಳದ ಮುಂದೆ ನಾನು ಸರ್ವೆ ನಂಬರಿನ ಮಾಲೀಕ. ನೀರು ಬೇಡುವಾಗ ಊರಿನವನಾಗುವುದು, ನೀರಿನ ದಾರಿ ಬಿಡಬೇಕಾದಾಗ ಒಬ್ಬಂಟಿಯಾಗುವುದು, ಇದನ್ನು ನಾವು ಎಷ್ಟು ಸಲೀಸಾಗಿ ಮಾಡುತ್ತೇವೆಂದರೆ, ಮಾಡುತ್ತಿದ್ದೇವೆ ಎಂದು ನಮಗೇ ತಿಳಿಯುವುದಿಲ್ಲ.

ಹಾಗಾದರೆ ಮೊದಲು ಸರಿಹೋಗಬೇಕಾದವರು ಯಾರು, ಮೇಲಿನವರೋ ಕೆಳಗಿನವರೋ? ಇಲ್ಲಿಂದ ಉತ್ತರಕ್ಕೆ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಇದಕ್ಕೆ ಜವಾಬು ಹೇಳುವ ಒಂದು ಬಂಡೆ ಇದೆ. ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತುಗಳು ಅದರಲ್ಲಿವೆ, ಶಾಲೆಯಲ್ಲಿ ನಾವು ಓದಿದ್ದು ಅದನ್ನೇ. ಆದರೆ ಉಪದೇಶ ಶುರುವಾಗುವುದಕ್ಕೆ ಮುಂಚೆ ಅರಸ ತನ್ನ ಬಗ್ಗೆಯೇ ಒಂದು ವಿಷಯ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ತಾನು ಅಷ್ಟೇನೂ ಪ್ರಯತ್ನ ಪಡಲಿಲ್ಲ ಎಂದು. ಚಕ್ರವರ್ತಿಯೊಬ್ಬ ತನ್ನ ಸೋಮಾರಿತನವನ್ನು ಬಂಡೆಗೆ ಕೆತ್ತಿಸಿದ್ದಾನೆ! ನಮ್ಮ ಪಂಚಾಯಿತಿಯ ಕಲ್ಲುಗಳನ್ನು ನೋಡಿ: ಅಮೃತಹಸ್ತದಿಂದ ಉದ್ಘಾಟನೆ, ಗೌರವ ಉಪಸ್ಥಿತಿ, ಘನ ಅಧ್ಯಕ್ಷತೆ. ಒಂದು ವರ್ಷ ಕೆಲಸ ಮಾಡಲಿಲ್ಲ ಎಂದು ಬರೆಸಿದ ಕಲ್ಲು ಇನ್ನೊಂದನ್ನು ತೋರಿಸಿ.

ಆ ಶಾಸನ ಮುಂದುವರಿದು, ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವನೂ ಶ್ರಮಿಸಿದರೆ ಪಡೆಯಬಹುದು ಎನ್ನುತ್ತದೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ದೂರದ ವಾಯವ್ಯದ ಖರೋಷ್ಠಿ ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಅಕ್ಷರ ಓದಬಲ್ಲವರು ಆ ಕಾಡಿನ ಸುತ್ತ ಯಾರಿದ್ದರೋ! ಯಾರೂ ಓದದಿದ್ದರೂ ಕೆಲಸಕ್ಕೆ ತಾನು ಜವಾಬ್ದಾರ ಎಂದು ಸಹಿ ಹಾಕಿದವನು ಅವನು. ರಾಜನ ಪ್ರಾಮಾಣಿಕತೆಯಷ್ಟೇ ಈ ಗುಮಾಸ್ತನ ಸಹಿಯೂ ನನಗೆ ಇಷ್ಟ. ನೀರುಗಂಟಿಯ ಹತ್ತಿರದ ಬಂಧು ಇವನು ಅನ್ನಿಸುತ್ತದೆ.

ತುಮಕೂರು ಜಿಲ್ಲೆಯಲ್ಲಿ ಮೇಲ್ಪಂಕ್ತಿಯ ಮಾತು ಎತ್ತಿದರೆ ಎಲ್ಲರೂ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹೆಸರು ತೆಗೆಯುತ್ತಾರೆ. ತೆಗೆಯಬೇಕಾದ್ದೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಠದ ಅನ್ನ ಉಂಡು ಓದಿದವರು ಒಬ್ಬರೂ ಇಲ್ಲದ ಊರು ಹುಡುಕುವುದು ಕಷ್ಟ. 2019ರ ಜನವರಿ 21ರಂದು ಅವರು ತೀರಿಕೊಂಡಾಗ, ಮಕ್ಕಳ ಊಟ ಆಗುವ ತನಕ ಸುದ್ದಿ ಹೇಳಬಾರದೆಂಬುದು ಅವರ ಇಚ್ಛೆಯಾಗಿತ್ತು ಎಂದು ಪತ್ರಿಕೆಗಳಲ್ಲಿ ಬಂತು. ಸಾವಿನ ಹೊತ್ತಿನಲ್ಲೂ ತಾನು ಯಾರೆಂಬುದಕ್ಕೆ ಆ ಹಿರಿಯರಲ್ಲಿ ಇದ್ದ ಉತ್ತರ ಒಂದೇ: ಮಕ್ಕಳಿಗೆ ಊಟ ಹಾಕುವವನು. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕೆಂದರೆ ದೊಡ್ಡವರ ಉದಾಹರಣೆಯಲ್ಲಿ ಒಂದು ಅಪಾಯವಿದೆ. ಕೈಮುಗಿದು ಸುಮ್ಮನಾಗುವುದಕ್ಕೆ ಅದು ಅನುಕೂಲ. "ಅಂಥೋರು ಇನ್ನು ಹುಟ್ಟಲ್ಲ ಬಿಡಿ" ಎಂದರೆ ನಮ್ಮ ಪಾಲಿನ ಕೆಲಸ ಮುಗಿದಂತೆಯೇ.

ಗುರುತಿನ ನೆನಪು ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಊರಾಚೆ ಗುಡಿಸಲಲ್ಲಿ ಇರಿಸಿದ್ದ ಬಾಣಂತಿಯ ಕೂಸು ಶೀತ ಹತ್ತಿ ತೀರಿಕೊಂಡಿತು. ಮಳೆಗಾಲ, ಒಂದು ಗುಡಿಸಲು, ಹಸಿಬಾಣಂತಿ. ಕೇಳಿದರೆ ಉತ್ತರ, ನಮ್ಮ ಕುಲಾಚಾರ, ನಮ್ಮ ದೇವರು ಒಪ್ಪುವುದಿಲ್ಲ. ಇಂಥ ಹಟ್ಟಿಗಳ ಕಾಡುಗೊಲ್ಲರು ಸಣ್ಣ ಪರಂಪರೆಯವರಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯಲ್ಲಿ ನೆಲೆಯಾದ ತಮ್ಮ ವೀರನನ್ನು ಅವರು ರಾತ್ರಿಯಿಡೀ ಹಾಡಬಲ್ಲರು. ದನಕರುಗಳನ್ನು ಜೀವದಂತೆ ಕಾಯ್ದ ಕುಲದ ಕಥೆ ಅದು. ಕರುವಿಗೆ ಕಂಬಳಿ ಹೊದೆಸಿ ಮನೆಯೊಳಗೆ ಕಟ್ಟುವ ಹಟ್ಟಿ ಕೂಸನ್ನು ಹೊರಗೆ ಇಟ್ಟದ್ದು ಹೇಗೆ? ಕುಲದ ನೆನಪಿನಲ್ಲಿ ಎರಡೂ ಇದ್ದವು, ಕಾಯುವುದೂ ದೂರ ಇಡುವುದೂ. ಯಾವುದನ್ನು ಎತ್ತಿಕೊಳ್ಳಬೇಕು ಎಂದು ಆರಿಸುವವರು ಆ ಹೊತ್ತಿನಲ್ಲಿ ಅಲ್ಲಿರುವ ಮನುಷ್ಯರು. ಕುಲಾಚಾರದ ಮೇಲೆ ಹೊರೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ. ಈಗ ಅಂಥ ಗುಡಿಸಲಿಗೆ ಹೋಗುವುದಿಲ್ಲ ಎನ್ನುವ ಹುಡುಗಿಯರು ಅದೇ ಹಟ್ಟಿಗಳಿಂದ ಎದ್ದು ಬರುತ್ತಿದ್ದಾರೆ. ಅವರು ಕುಲವನ್ನು ಮರೆತವರು ಎಂದು ಬೈಸಿಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಜುಂಜಪ್ಪನ ಕುಲದವರು ಎಂಬುದನ್ನು ಸರಿಯಾಗಿ ನೆನಪಿಟ್ಟುಕೊಂಡವರು ಅವರೇ.

ಕುಲದಿಂದ, ಮನೆಯಿಂದ ಬಾರದ, ಹೊಸದಾಗಿ ಕಟ್ಟಿಕೊಂಡ ಗುರುತೂ ಮನುಷ್ಯನನ್ನು ತಿದ್ದಬಲ್ಲದೆ? ಶಿರಾ ಪಟ್ಟಣಕ್ಕೆ ಹತ್ತಿರದ ಕಗ್ಗಲಡು ಹೌದೆನ್ನುತ್ತದೆ. 1990ರ ದಶಕದಲ್ಲಿ ಆ ಊರಿನ ಹುಣಸೆಮರಗಳಿಗೆ ಮೊದಲು ಬೂದು ಬಣ್ಣದ ಬಕಗಳು ಬಂದವು, ಆಮೇಲೆ ಬಣ್ಣದ ಕೊಕ್ಕರೆಗಳು. 1999ರಲ್ಲಿ ತುಮಕೂರಿನ ವನ್ಯಜೀವಿ ಆಸಕ್ತರ ಮೂಲಕ ಹೊರಗಿನವರಿಗೆ ಸುದ್ದಿ ತಿಳಿಯಿತು. ಕೊಕ್ಕರೆ ಬೆಳ್ಳೂರಿನ ಜೊತೆಯಲ್ಲಿ ಈಗ ಈ ಊರಿನ ಹೆಸರನ್ನೂ ಹೇಳುತ್ತಾರೆ. ದೂರದಿಂದ ಇದು ಚಂದದ ಚಿತ್ರ. ಅಲ್ಲೇ ವಾಸ ಮಾಡುವವರಿಗೆ ಹಾಗಲ್ಲ. ಹುಣಸೆಹಣ್ಣು ಬಡಿಯುವ ಕಾಲವೂ ಹಕ್ಕಿ ಗೂಡು ಕಟ್ಟುವ ಕಾಲವೂ ಒಂದರ ಮೇಲೊಂದು ಬರುತ್ತವೆ. ಮನೆಯ ಮಾಡಿನ ಮೇಲೆ ಹಿಕ್ಕೆ, ಅಂಗಳದಲ್ಲಿ ಮರಿಗಳ ಬಾಯಿಂದ ಜಾರಿದ ಮೀನು, ಅದರ ನಾತ, ಹಗಲಿಡೀ ಗಲಾಟೆ. ಆದರೂ ಊರಿನವರು ಓಡಿಸಲಿಲ್ಲ, ಹೊಡೆಯಲು ಬಂದವರನ್ನೂ ಬಿಡಲಿಲ್ಲ. ಯಾವ ಶಾಸ್ತ್ರವೂ, ಯಾವ ವಂಶವೂ ಅವರಿಗೆ ಇದನ್ನು ವಿಧಿಸಿರಲಿಲ್ಲ. "ನಾವು ಹಕ್ಕಿಯ ಊರಿನವರು" ಎಂಬ ಮಾತು ಒಂದು ತಲೆಮಾರಿನೊಳಗೆ ಹುಟ್ಟಿತು. ಹುಟ್ಟಿದ ಮೇಲೆ ಅದು ಅವರನ್ನೇ ಕಾಯತೊಡಗಿತು: ಹಕ್ಕಿಯ ಊರಿನ ಹುಡುಗ ಕವಣೆ ಹಿಡಿದರೆ ನಗೆಪಾಟಲು. ಕಗ್ಗಲಡುವಿನ ಉದಾಹರಣೆ ನನಗೆ ಸಮಾಧಾನ ಕೊಡುವುದು ಇದಕ್ಕೇ. ಒಳ್ಳೆಯ ಗುರುತಿಗಾಗಿ ಹಳೆಯದನ್ನೇ ಅಗೆಯುತ್ತ ಕೂರಬೇಕಿಲ್ಲ.

ನಮ್ಮ ಕಡೆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುವ ರೂಢಿ ಇದೆ. ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು, ಬರಗೂರಿನ ರಾಮಚಂದ್ರಪ್ಪನವರು, ಎಷ್ಟೋ ಜನ. ಬರಗೂರು ನಮ್ಮ ಶಿರಾ ತಾಲ್ಲೂಕಿನದೇ. ಅವರು ಬರೆದದ್ದನ್ನೆಲ್ಲ ಓದದವರೂ ಬರಗೂರು ಎಂಬ ಊರಿದೆ ಎಂದು ಕೇಳಿದ್ದಾರೆ. ಹೆಸರಿನ ಮೊದಲ ಅಕ್ಷರದಲ್ಲಿ ಊರನ್ನು ಹೊತ್ತವನು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಏನು ಮಾಡಿದರೂ ಅದರಲ್ಲಿ ಊರಿಗೊಂದು ಪಾಲು ಹೋಗುತ್ತದೆ. ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ಆ ಇನಿಷಿಯಲ್ ಬರೀ ತಲೆನೋವು ಅನ್ನುವ ಹುಡುಗರನ್ನೂ ನಾನು ಬಲ್ಲೆ. ಅವರನ್ನು ದೂರುವುದಿಲ್ಲ. ಊರು ಅವರಿಗೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಿರಬಹುದು. ಕೇರಿಯಿಂದ ಹೊರಟವನಿಗೆ ಊರಿನ ಹೆಸರು ಅಪಮಾನದ ನೆನಪೂ ಆಗಿರಬಹುದು. ಬಾಕಿ ಎಲ್ಲರದ್ದೂ ಒಂದೇ ಅಲ್ಲ. ಮೊದಲು ತೀರಿಸಬೇಕಾದವರು ಹೆಚ್ಚು ಪಡೆದವರು.

ಅದಕ್ಕೇ ನೀರುಗಂಟಿಯ ಮಾತನ್ನು ಇಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ನಿಮ್ಮ ಊರಿನಲ್ಲಿ ಕೆರೆ ಇದ್ದರೆ, ಆ ಕೆರೆಗೆ ನೀರುಗಂಟಿಯಾಗಿದ್ದವರ ಮಕ್ಕಳೋ ಮೊಮ್ಮಕ್ಕಳೋ ಬಹುಶಃ ಈಗಲೂ ಅಲ್ಲೇ ಇದ್ದಾರೆ. ಯಾವ ಗದ್ದೆಯಿಂದ ಸರದಿ ಶುರುವಾಗುತ್ತಿತ್ತು, ಬರದ ವರ್ಷ ಯಾರ ಪಾಲು ಎಷ್ಟು ಇಳಿಯುತ್ತಿತ್ತು, ಕೆರೆಗೆ ನೀರು ತರುತ್ತಿದ್ದ ಹಳ್ಳಗಳು ಎಲ್ಲೆಲ್ಲಿ ಇದ್ದವು, ಇದು ಅವರಲ್ಲಿ ಕೆಲವರಿಗೆ ಇನ್ನೂ ಗೊತ್ತಿರುತ್ತದೆ. ಹೋಗಿ ಕೇಳಿ, ಬರೆದುಕೊಳ್ಳಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ. ಓದುವಾಗ ನಿಮ್ಮ ಹೊಲದ ಪಕ್ಕದ ಹಳ್ಳದ ಹೆಸರು ಬಂದರೆ ಅದನ್ನು ನುಂಗಬೇಡಿ. ಮತ್ತು ಕೆರೆ ತುಂಬಿದ ವರ್ಷ, ಶಾಸಕರೂ ಅಧ್ಯಕ್ಷರೂ ಹಾರ ಹಾಕಿಸಿಕೊಂಡು ಏರಿಯ ಮೇಲೆ ಸಾಲಾಗಿ ನಿಂತಾಗ, ಬಾಗಿನದ ಮೊದಲ ಮೊರವನ್ನು ನೀರುಗಂಟಿಯ ಮನೆಯ ಹೆಣ್ಣುಮಗಳ ಕೈಗೆ ಕೊಡಿ.